ಆ ಪುಟ್ಟ ಬಟನ್ ಒತ್ತಿ ನೋಡಿದ್ದೀರಾ?

ಬಚ್ಚಲುಮನೆಯ ನಲ್ಲಿ ತಿರುಗಿಸುವಾಗ ಬೆರಳು ಜುಮ್ಮೆಂದದ್ದು ಉಂಟೇ? ಬರಿಗಾಲಿನಲ್ಲಿ ನಿಂತು ಫ್ರಿಜ್ಜಿನ ಬಾಗಿಲು ಎಳೆದಾಗ ಕೈಮೇಲೆ ಇರುವೆ ಹರಿದಂತಾಗಿದೆಯೇ? ದೋಸೆಹಿಟ್ಟು ರುಬ್ಬುತ್ತಾ ಗ್ರೈಂಡರಿನ ಮೈ ಸವರಿದಾಗ ‘ಚುರ್’ ಎಂದಿದೆಯೇ? ಆಗಿದ್ದರೆ ನೀವು ಏನು ಮಾಡಿದಿರಿ? ಹೆಚ್ಚಿನ ಮನೆಗಳಲ್ಲಿ ಇದಕ್ಕೊಂದು ಸುಲಭ ಉಪಾಯವಿದೆ: ಚಪ್ಪಲಿ ಹಾಕಿಕೊಂಡು ಮುಟ್ಟುವುದು. ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇವೆ. ಚಪ್ಪಲಿ ಮರೆತ ದಿನ ಏನಾದೀತು ಎಂದು ಯೋಚಿಸುವುದಿಲ್ಲ.

ಕೆಲವು ತಿಂಗಳ ಹಿಂದೆ ದೊಡ್ಡಬಳ್ಳಾಪುರದ ಮಗ್ಗದ ಮನೆಯ ಗೃಹಿಣಿಯೊಬ್ಬರು ಕೈ ಜೋಮು ಹಿಡಿಯುತ್ತದೆ ಎಂದು ನನ್ನ ಬಳಿಗೆ ಬಂದಿದ್ದರು. ಸಕ್ಕರೆ ಕಾಯಿಲೆ ಇದೆಯೇ, ಕತ್ತು ನೋಯುತ್ತದೆಯೇ ಎಂದು ನಾನು ವಾಡಿಕೆಯ ಪ್ರಶ್ನೆಗಳನ್ನೆಲ್ಲ ಕೇಳಿದೆ. ಚೀಟಿ ಬರೆದುಕೊಟ್ಟೆ. ಎದ್ದು ಬಾಗಿಲ ತನಕ ಹೋದವರು ತಿರುಗಿ ನಿಂತು, “ಡಾಕ್ಟ್ರೇ, ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೂ ಹಿಂಗೇ ಜುಮ್ಮಂತದೆ. ನಮ್ಮ ಯಜಮಾನ್ರಿಗೂ ಅಂತದೆ, ಹುಡುಗ್ರಿಗೂ ಅಂತದೆ” ಎಂದರು.

ಒಬ್ಬರಿಗೆ ಜುಮ್ಮೆಂದರೆ ಅದು ನರದ ತೊಂದರೆ ಇರಬಹುದು. ಮನೆಯ ನಾಲ್ಕೂ ಜನರಿಗೆ ಒಂದೇ ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಕಾಯಿಲೆ ಇರುವುದು ಮನೆಗೆ. “ತಾಯಿ, ಮನೆಗೆ ಹೋದ ತಕ್ಷಣ ಗೀಸರಿನ ಸ್ವಿಚ್ ಆರಿಸಿ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಅದನ್ನು ಮುಟ್ಟಬೇಡಿ” ಎಂದು ಹೇಳಿ ಕಳುಹಿಸಿದೆ. ಔಷಧದ ಚೀಟಿಗಿಂತ ಆ ದಿನ ಈ ಮಾತೇ ಮುಖ್ಯವಾಗಿತ್ತು.

ಗೀಸರಿನೊಳಗಿನ ಕಾಯಿಲ್ ಒಡೆದು ಕರೆಂಟು ನೀರಿಗೆ ಸೋರುತ್ತಿತ್ತು. ಗೋಡೆಯೊಳಗಿನ ಅರ್ಥ್ ತಂತಿ ಎಲ್ಲೋ ಕಡಿದುಹೋಗಿತ್ತು. ಪೈಪು ಪ್ಲಾಸ್ಟಿಕ್ಕಿನದೇ, ಆದರೆ ಅದರೊಳಗಿನ ನೀರು ಕರೆಂಟನ್ನು ಸ್ವಲ್ಪ ಸ್ವಲ್ಪವಾಗಿ ನಲ್ಲಿಯವರೆಗೆ ತರುತ್ತಿತ್ತು. ಒದ್ದೆ ನೆಲದ ಮೇಲೆ, ಒದ್ದೆ ಮೈಯಲ್ಲಿ ನಿಂತವರಿಗೆ ಮುಂದೆ ಏನಾಗಬಹುದಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾರತದಲ್ಲಿ ವರ್ಷವೊಂದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುದಾಘಾತದಿಂದ ಸಾಯುತ್ತಾರೆ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ಹೇಳುತ್ತದೆ. ಇದರಲ್ಲಿ ಹೊಲದಲ್ಲಿ, ಬೀದಿಯಲ್ಲಿ, ಕಂಬದ ಮೇಲೆ ಆಗುವ ಸಾವುಗಳೂ ಸೇರಿವೆ. ಮನೆಯೊಳಗಿನ ಸಾವುಗಳ ಮಟ್ಟಿಗೆ ಮಾತ್ರ ಎರಡು-ಮೂರು ಸಾವಿರ ರೂಪಾಯಿಯ ಒಂದು ಪುಟ್ಟ ಸಾಧನ ಬಹಳಷ್ಟನ್ನು ತಪ್ಪಿಸಬಲ್ಲದು. ಜನ ಅದನ್ನು ಇ.ಎಲ್.ಸಿ.ಬಿ. ಎನ್ನುತ್ತಾರೆ. ಈಗ ಅಂಗಡಿಯಲ್ಲಿ ಸಿಗುವುದರ ಸರಿಯಾದ ಹೆಸರು ಆರ್.ಸಿ.ಸಿ.ಬಿ. ನಿಮ್ಮ ಮನೆಯ ಮೀಟರ್ ಪಕ್ಕದ ಪೆಟ್ಟಿಗೆಯಲ್ಲಿ, ‘ಟಿ’ ಎಂದು ಬರೆದ ಚಿಕ್ಕ ಬಟನ್ ಇರುವ ಅಗಲವಾದ ಸ್ವಿಚ್ ಇದ್ದರೆ ಅದೇ ಇದು.

ಎದೆಯೊಳಗೆ ನಡೆಯುವುದು

ಶಾಕ್ ಹೊಡೆದಾಗ ಕೊಲ್ಲುವುದು ವೋಲ್ಟೇಜು ಎಂದು ತಿಳಿದವರು ಬಹಳ. ನಿಜವಾಗಿ ಕೊಲ್ಲುವುದು ಮೈಯೊಳಗೆ ಹರಿದ ಕರೆಂಟಿನ ಪ್ರಮಾಣ ಮತ್ತು ಅದು ಹರಿದ ಹೊತ್ತು. ಕರೆಂಟನ್ನು ಅಳೆಯುವುದು ಆಂಪಿಯರ್‌ನಲ್ಲಿ. ಒಂದು ಆಂಪಿಯರ್‌ನ ಸಾವಿರದ ಒಂದು ಪಾಲು ಒಂದು ಮಿಲಿಆಂಪಿಯರ್. ನಿಮಗೆ ಜುಮ್ಮೆನ್ನಲು ಹೆಚ್ಚು ಕಡಿಮೆ 1 ಮಿಲಿಆಂಪಿಯರ್ ಸಾಕು. ಸುಮಾರು 10 ದಾಟಿತೆಂದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಮುಂಗೈಯಲ್ಲಿ ಬೆರಳು ಮಡಿಸುವ ಸ್ನಾಯುಗಳು ಬೆರಳು ಬಿಡಿಸುವ ಸ್ನಾಯುಗಳಿಗಿಂತ ಬಲಶಾಲಿ. ಎರಡೂ ಒಟ್ಟಿಗೆ ಸೆಟೆದುಕೊಂಡಾಗ ಮುಷ್ಟಿ ಬಿಗಿಯುತ್ತದೆ. ‘ಕರೆಂಟು ಹಿಡ್ಕೊಂಡುಬಿಡ್ತು’ ಎನ್ನುತ್ತಾರಲ್ಲ, ಹಿಡಿದುಕೊಳ್ಳುವುದು ಕರೆಂಟಲ್ಲ, ನಮ್ಮದೇ ಕೈ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ಎಚ್ಚರದಿಂದ ಪ್ರಯೋಗ ಮಾಡಿ ಈ ಕೈಬಿಡಲಾಗದ ಮಿತಿಯನ್ನು ಅಳೆದರು. ಗಂಡಸರಿಗೆ ಸರಾಸರಿ 16, ಹೆಂಗಸರಿಗೆ ಸುಮಾರು 10.5 ಮಿಲಿಆಂಪಿಯರ್ ಎಂದು ಕಂಡಿತು. ಮಕ್ಕಳಿಗೆ ಇದು ಇನ್ನೂ ಕಡಿಮೆ. 1961ರಲ್ಲಿ ಅಮೆರಿಕದ ಮನೆಗಳಿಗೆ ಇಂಥದೇ ಕಾವಲು ಸಾಧನವನ್ನು ರೂಪಿಸಿದವರೂ ಅವರೇ.

ಸುಮಾರು 30 ಮಿಲಿಆಂಪಿಯರ್ ಎದೆಯ ಮೂಲಕ ಹರಿಯುತ್ತಲೇ ಇದ್ದರೆ ಉಸಿರಾಟದ ಸ್ನಾಯುಗಳು ಸೆಟೆಯಬಹುದು. ಇನ್ನೂ ಹೆಚ್ಚಾದರೆ ಹೃದಯದ ಸರದಿ. ಹೃದಯ ತನ್ನದೇ ಪುಟ್ಟ ವಿದ್ಯುತ್ ಸಂಕೇತದ ತಾಳಕ್ಕೆ ಬಡಿಯುವ ಅಂಗ. ಪ್ರತಿ ಬಡಿತದಲ್ಲೂ ಒಂದು ಸೂಕ್ಷ್ಮ ಗಳಿಗೆ ಇರುತ್ತದೆ. ಆ ಗಳಿಗೆಯಲ್ಲಿ ಹೊರಗಿನ ಕರೆಂಟು ಒಳಹೊಕ್ಕರೆ ತಾಳ ತಪ್ಪಿ, ಹೃದಯ ಬಡಿಯುವ ಬದಲು ಬರೀ ಅದುರತೊಡಗುತ್ತದೆ. ರಕ್ತ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಕೆಲವೇ ನಿಮಿಷಗಳಲ್ಲಿ ಮೆದುಳು ಸಾಯತೊಡಗುತ್ತದೆ.

ಈಗ ಲೆಕ್ಕ ನೋಡಿ. ಮೈ ಒದ್ದೆಯಾಗಿದ್ದಾಗ ಕೈಯಿಂದ ಕಾಲಿನವರೆಗೆ ದೇಹದ ತಡೆ ಸುಮಾರು 1000 ಓಮ್ ಎಂದಿಟ್ಟುಕೊಳ್ಳೋಣ. ಮನೆಯ ಕರೆಂಟು 230 ವೋಲ್ಟ್. ಭಾಗಿಸಿದರೆ 230 ಮಿಲಿಆಂಪಿಯರ್. ಪ್ರಾಣಕ್ಕೆ ಎರವಾಗಲು ಇದು ಧಾರಾಳ ಸಾಕು.

ಎಂ.ಸಿ.ಬಿ. ಇದೆಯಲ್ಲ ಎನ್ನುವವರಿಗೆ

“ನಮ್ಮ ಮನೇಲಿ ಎಲ್ಲ ಎಂ.ಸಿ.ಬಿ. ಹಾಕಿಸಿದ್ದೀವಿ, ಭಯ ಇಲ್ಲ” ಎನ್ನುವವರು ಹೆಚ್ಚು. ಎಂ.ಸಿ.ಬಿ. ಇರುವುದು ತಂತಿಯನ್ನು ಕಾಪಾಡಲು, ನಿಮ್ಮನ್ನು ಕಾಪಾಡಲು ಅಲ್ಲ. ಗೀಸರಿಗೆ ಹಾಕಿದ 16 ಆಂಪಿಯರ್‌ನ ಎಂ.ಸಿ.ಬಿ.ಗೆ ನಿಮ್ಮ ಮೈಯಲ್ಲಿ ಹರಿಯುತ್ತಿರುವ ಕಾಲು ಆಂಪಿಯರ್ ಲೆಕ್ಕಕ್ಕೇ ಇಲ್ಲ. ಅದು ನೆಮ್ಮದಿಯಾಗಿ ಕೂತಿರುತ್ತದೆ.

“ಅರ್ಥಿಂಗ್ ಮಾಡಿಸಿದ್ದೀವಿ” ಎಂಬುದು ಮುಂದಿನ ಮಾತು. ಒಳ್ಳೆಯದು, ಬೇಕೇ ಬೇಕು. ಆದರೆ ನಮ್ಮ ಕಡೆಯ ನೆಲದ ಸ್ವಭಾವ ನಿಮಗೆ ಗೊತ್ತಿರುವುದೇ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಎಲ್ಲಿ ಅಗೆದರೂ ಮೇಲೆ ಕೆಂಪು ಮಣ್ಣು, ಸ್ವಲ್ಪ ಕೆಳಗೆ ಬಂಡೆ. ಬೋರ್‌ವೆಲ್ ನೀರು ಪಾತಾಳಕ್ಕೆ ಇಳಿದಿದೆ. ಒಣ ಮಣ್ಣು ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆ ಕಟ್ಟುವಾಗ ಉಪ್ಪು, ಇದ್ದಿಲು ಹಾಕಿ ಕೊಳವೆ ಹೂತ ಅರ್ಥ್ ಗುಂಡಿಯ ಮೇಲೆ ಆಮೇಲೆ ಟೈಲ್ಸ್ ಹಾಕಿ ಮುಚ್ಚಿದ ಮನೆಗಳನ್ನು ನಾನೇ ನೋಡಿದ್ದೇನೆ. ಕೊಳವೆ ಉಪ್ಪಿನಲ್ಲೇ ತುಕ್ಕು ಹಿಡಿದು ಸವೆಯುತ್ತದೆ. ಗುಂಡಿ ಒಣಗುತ್ತದೆ. ಬೇಸಿಗೆಯಲ್ಲಿ ಅದರ ತಡೆ 20 ಓಮ್ ಆಗಿದೆ ಎನ್ನೋಣ. ಗೀಸರಿನ ಮೈಗೆ ನೇರ ಕರೆಂಟು ತಾಗಿದರೂ ನೆಲಕ್ಕೆ ಹರಿಯುವುದು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. 16ರ ಎಂ.ಸಿ.ಬಿ. ಬೀಳುವುದೇ ಇಲ್ಲ. ಗೀಸರಿನ ಮೈ ಕರೆಂಟು ಹೊತ್ತುಕೊಂಡೇ ನಿಮಗಾಗಿ ಕಾಯುತ್ತಿರುತ್ತದೆ. ಅಂಥ ಎಂ.ಸಿ.ಬಿ. ತಕ್ಷಣ ಬೀಳಬೇಕಾದರೆ ಎಂಬತ್ತೋ ನೂರೋ ಆಂಪಿಯರ್ ಹರಿಯಬೇಕು. ಒಂದೆರಡು ಓಮ್‌ನ ಅರ್ಥ್ ನಮ್ಮ ಬಂಡೆ ನೆಲದಲ್ಲಿ ಎಷ್ಟು ಮನೆಗೆ ಇದ್ದೀತು?

ಆರ್.ಸಿ.ಸಿ.ಬಿ. ಈ ಕೊರತೆಯನ್ನು ತುಂಬುತ್ತದೆ. ಅದರ ತತ್ವ ಹಾಲಿನ ಲೆಕ್ಕದಷ್ಟೇ ಸರಳ. ಡೇರಿಗೆ ಕೊಟ್ಟ ಹಾಲಿಗೂ ಪುಸ್ತಕದಲ್ಲಿ ಬರೆದ ಹಾಲಿಗೂ ತಾಳೆಯಾಗದಿದ್ದರೆ ನಡುವೆ ಎಲ್ಲೋ ಚೆಲ್ಲಿದೆ ಎಂದರ್ಥ. ಹಾಗೆಯೇ ಫೇಸ್ ತಂತಿಯಲ್ಲಿ ಹೋದ ಕರೆಂಟು ನ್ಯೂಟ್ರಲ್ ತಂತಿಯಲ್ಲಿ ಅಷ್ಟೇ ವಾಪಸು ಬರಬೇಕು. ಎರಡು ತಂತಿಗಳೂ ಸಾಧನದೊಳಗಿನ ಒಂದು ಕಬ್ಬಿಣದ ಬಳೆಯ ಮೂಲಕ ಹಾದುಹೋಗುತ್ತವೆ. ಲೆಕ್ಕ ಸರಿಯಿದ್ದರೆ ಬಳೆ ಸುಮ್ಮನಿರುತ್ತದೆ. ಹೋದದ್ದಕ್ಕಿಂತ ಬಂದದ್ದು ಕಡಿಮೆಯಾದರೆ ವ್ಯತ್ಯಾಸ ನೆಲಕ್ಕೆ ಸೋರಿದೆ, ಬಹುಶಃ ಯಾರದೋ ಮೈಯ ಮೂಲಕ. ಬಳೆಗೆ ಅದು ಗೊತ್ತಾಗಿ ಹಿಡಿಕೆ ಬೀಳುತ್ತದೆ.

ಮನೆಗೆ ಬೇಕಾದದ್ದು 30 ಮಿಲಿಆಂಪಿಯರ್‌ನದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಮನೆಗಳಿಗೆ ಹಾಕಿದ ಮಿತಿ ಅದೇ. ಒಂದು ವಿಷಯ ತಪ್ಪು ತಿಳಿಯಬೇಡಿ. ಈ ಸಾಧನ ಶಾಕ್ ಹೊಡೆಯದಂತೆ ಮಾಡುವುದಿಲ್ಲ. ಶಾಕ್ ಹೊಡೆದೇ ಹೊಡೆಯುತ್ತದೆ, ನೀವು ಕಿರುಚುವುದೂ ಉಂಟು. ಅದು ಮೊಟಕು ಮಾಡುವುದು ಶಾಕಿನ ಹೊತ್ತನ್ನು. ಮೇಲಿನ ಲೆಕ್ಕದಂತೆ ಇನ್ನೂರಕ್ಕೂ ಹೆಚ್ಚು ಮಿಲಿಆಂಪಿಯರ್ ಹರಿದರೆ ಒಳ್ಳೆಯ ಸಾಧನ ಸೆಕೆಂಡಿನ ಸಾವಿರದ 40 ಪಾಲಿನೊಳಗೆ ಕಡಿದುಹಾಕುತ್ತದೆ. ನಿಮ್ಮ ಹೃದಯದ ಒಂದು ಬಡಿತಕ್ಕೆ ಸಾವಿರದ 800 ಪಾಲಿನಷ್ಟು ಹೊತ್ತು ಬೇಕು. ಒಂದು ಬಡಿತದ ಇಪ್ಪತ್ತನೇ ಒಂದು ಪಾಲಿನಲ್ಲಿ ಕೆಲಸ ಮುಗಿಯುವುದರಿಂದ ತಾಳ ತಪ್ಪುವ ಸಂಭವ ತೀರಾ ಕಡಿಮೆಯಾಗುತ್ತದೆ.

ಅಂಗಡಿಗೆ ಹೋದಾಗ ಎರಡು ಅಂಕಿಗಳನ್ನು ಕಲೆಸಿಕೊಳ್ಳಬೇಡಿ. 25, 40 ಅಥವಾ 63 ಆಂಪಿಯರ್ ಎಂದಿರುವುದು ಅದು ಹೊರಬಲ್ಲ ಭಾರ. 30, 100, 300 ಮಿಲಿಆಂಪಿಯರ್ ಎಂದಿರುವುದು ಅದು ಹಿಡಿಯುವ ಸೋರಿಕೆ. 100 ಮತ್ತು 300ರವು ಮನುಷ್ಯನ ಪ್ರಾಣ ಉಳಿಸಲು ಹೇಳಿ ಮಾಡಿಸಿದವಲ್ಲ. “ಇದು ಪದೇ ಪದೇ ಬೀಳಲ್ಲ, ಇದನ್ನೇ ತಗೊಳ್ಳಿ” ಎಂದು ಯಾರಾದರೂ 300ರದ್ದನ್ನು ಕೊಟ್ಟರೆ ವಾಪಸು ಕೊಡಿ. ಐ.ಎಸ್. 12640 ಎಂಬ ಗುರುತಿದೆಯೇ ನೋಡಿ. ಈಗಿನ ವಾಷಿಂಗ್ ಮೆಷಿನ್, ಇನ್ವರ್ಟರ್ ಏ.ಸಿ.ಗಳು ಇರುವ ಮನೆಗೆ ‘ಏ’ ಮಾದರಿಯದ್ದು ‘ಏ.ಸಿ.’ ಮಾದರಿಗಿಂತ ಮೇಲು.

ಒತ್ತಿ ನೋಡುವ ಕ್ರಮ

ಸಾಧನ ಹಾಕಿಸಿದರೆ ಮುಗಿಯಲಿಲ್ಲ. ನನ್ನ ಮನೆಯ ಕಥೆ ಕೇಳಿ.

ಮನೆ ಕಟ್ಟಿ ಗೃಹಪ್ರವೇಶವಾದ ಹೊಸತರಲ್ಲಿ ಆರ್.ಸಿ.ಸಿ.ಬಿ. ದಿನಕ್ಕೆರಡು ಸಲ ಬೀಳುತ್ತಿತ್ತು. ಹೆಂಡತಿ ಬೈದರು, ನೆಂಟರು ನಕ್ಕರು. ವೈರಿಂಗ್ ಮಾಡಿದ್ದ ಹುಡುಗನನ್ನು ಕರೆಸಿದೆ. ಅರ್ಧ ಗಂಟೆಯಲ್ಲಿ “ಸರಿಹೋಯ್ತು ಸಾರ್” ಎಂದು ಹೇಳಿ ಹೋದ. ನಿಜವಾಗಿಯೂ ಆಮೇಲೆ ಒಂದು ಸಲವೂ ಬೀಳಲಿಲ್ಲ. ಎಂಟು ತಿಂಗಳು ನೆಮ್ಮದಿಯಾಗಿದ್ದೆವು. ಒಂದು ಭಾನುವಾರ ಏನೋ ಓದುತ್ತಿದ್ದವನಿಗೆ ನೆನಪಾಗಿ ಎದ್ದುಹೋಗಿ ಆ ‘ಟಿ’ ಬಟನ್ ಒತ್ತಿದೆ. ‘ಟಪ್’ ಎಂದು ಹಿಡಿಕೆ ಕೆಳಗೆ ಬಿತ್ತು. ಖುಷಿಯಾಯಿತು. ತಲೆ ಎತ್ತಿ ನೋಡಿದರೆ ಫ್ಯಾನು ತಿರುಗುತ್ತಲೇ ಇದೆ. ಒಳಗೆ ಟಿ.ವಿ. ನಡೆಯುತ್ತಲೇ ಇದೆ. ಆ ಹುಡುಗ ಮನೆಯ ತಂತಿಗಳನ್ನೆಲ್ಲ ಸಾಧನದಿಂದ ಬಿಡಿಸಿ ನೇರವಾಗಿ ಜೋಡಿಸಿಬಿಟ್ಟಿದ್ದ. ಕಾವಲುಗಾರ ಬಾಗಿಲಲ್ಲೇ ಇದ್ದ, ದಾರಿ ಮಾತ್ರ ಹಿತ್ತಲ ಕಡೆಯಿಂದ ಇತ್ತು.

ಆದ್ದರಿಂದ ಒತ್ತುವುದಷ್ಟೇ ಸಾಲದು. ಕ್ರಮ ಹೀಗೆ: ಮನೆಯಲ್ಲಿ ಕರೆಂಟು ಇರುವಾಗ, ಪ್ರತಿ ಕೋಣೆಯಲ್ಲೂ ಒಂದೊಂದು ದೀಪವೋ ಫ್ಯಾನೋ ಹಾಕಿಡಿ. ಕಂಪ್ಯೂಟರ್ ಇದ್ದರೆ ಮೊದಲೇ ಆರಿಸಿ. ಯು.ಪಿ.ಎಸ್. ಇದ್ದರೆ ಅದನ್ನೂ ಆ ಹೊತ್ತಿಗೆ ಆರಿಸಿ, ಇಲ್ಲದಿದ್ದರೆ ಕಣ್ಣಿಗೆ ಮೋಸವಾಗುತ್ತದೆ. ಈಗ ‘ಟಿ’ ಬಟನ್ ಒತ್ತಿ. ಹಿಡಿಕೆ ತಕ್ಷಣ ಬೀಳಬೇಕು. ಆಮೇಲೆ ಒಬ್ಬರು ಮನೆಯೆಲ್ಲ ಸುತ್ತಿ ನೋಡಿ. ಬಚ್ಚಲು, ಅಡುಗೆಮನೆ, ಹೊರಗಿನ ದೀಪ, ಸಂಪಿನ ಮೋಟಾರು, ಮೇಲಿನ ಬಾಡಿಗೆ ಮನೆ. ಎಲ್ಲಾದರೂ ಏನಾದರೂ ನಡೆಯುತ್ತಿದ್ದರೆ ಆ ಸಾಲು ಕಾವಲಿನ ಹೊರಗಿದೆ. ಬಟನ್ ಒತ್ತಿದರೂ ಹಿಡಿಕೆ ಬೀಳದಿದ್ದರೆ ಸಾಧನ ಸತ್ತಿದೆ, ಬದಲಿಸಿ. ಅದನ್ನು ರಿಪೇರಿ ಮಾಡಿಸುವ ಗೊಡವೆಗೆ ಹೋಗಬೇಡಿ.

ತಿಂಗಳಿಗೊಮ್ಮೆ ಒತ್ತಿದರೆ ಸಾಕು. ಒತ್ತುವುದರಿಂದ ಇನ್ನೊಂದು ಲಾಭವೂ ಇದೆ. ವರ್ಷಗಟ್ಟಲೆ ಅಲುಗಾಡದ ಕೀಲು ಜಡವಾಗುತ್ತದೆ, ನಮ್ಮ ಮಂಡಿಯ ಹಾಗೆ. ನಮ್ಮ ಮನೆಯಲ್ಲಿ ಈಗ ಹಾಲಿನ ಲೆಕ್ಕ ಚುಕ್ತಾ ಮಾಡುವ ದಿನವೇ ಬಟನ್ ಒತ್ತುವ ದಿನ.

ಆ ಬಟನ್ ಹೇಳದೇ ಇರುವ ಸಂಗತಿಯೂ ಒಂದಿದೆ. ಅದು ಸಾಧನದೊಳಗೇ ಒಂದು ಪುಟ್ಟ ಕೃತಕ ಸೋರಿಕೆ ಮಾಡಿ ನೋಡುತ್ತದೆ. ನಿಮ್ಮ ಅರ್ಥ್ ತಂತಿ ಇದೆಯೇ, ಕಡಿದಿದೆಯೇ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಅರ್ಥ್ ಸರಿಯಿದ್ದರೆ ಗೀಸರಿನ ಕಾಯಿಲ್ ಒಡೆದ ಕ್ಷಣವೇ ಹಿಡಿಕೆ ಬೀಳುತ್ತದೆ, ಯಾರೂ ಮುಟ್ಟಬೇಕಾಗಿಲ್ಲ. ಅರ್ಥ್ ಇಲ್ಲದಿದ್ದರೆ ನಿಮ್ಮ ಮೈಯ ಮೂಲಕ ಸೋರುವ ತನಕ ಅದು ಕಾಯುತ್ತದೆ. ಹಾಗಾಗಿ ಎರಡೂ ಬೇಕು. ಹಳೆಯ ಮರದ ಪಟ್ಟಿಯ ವೈರಿಂಗ್ ಇರುವ, ಅರ್ಥ್ ತಂತಿಯೇ ಇಲ್ಲದ ಮನೆಯಾದರೂ ಆರ್.ಸಿ.ಸಿ.ಬಿ. ಹಾಕಿಸಿ. ಅದಿಲ್ಲದಿರುವುದಕ್ಕಿಂತ ಸಾವಿರ ಪಾಲು ಮೇಲು.

ಅರ್ಥ್ ಪರೀಕ್ಷೆಯನ್ನು ನೀವು ಮಾಡಲು ಹೋಗಬೇಡಿ. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರನ್ನು ಕರೆಸಿ. ನೆಲಕ್ಕೆ ಕಡ್ಡಿಗಳನ್ನು ನೆಟ್ಟು ಅರ್ಥ್ ಟೆಸ್ಟರ್‌ನಿಂದ ಅವರು ಗುಂಡಿಯ ತಡೆ ಅಳೆಯುತ್ತಾರೆ. ಬೇಸಿಗೆಯಲ್ಲೇ ಅಳೆಸಿ, ಮಳೆಗಾಲದ ಅಂಕಿ ಯಾವಾಗಲೂ ಚೆನ್ನಾಗಿಯೇ ಬರುತ್ತದೆ. 500 ವೋಲ್ಟಿನ ಮೆಗ್ಗರ್ ಹಚ್ಚಿ ವೈರಿಂಗಿನ ಹೊದಿಕೆ ಗಟ್ಟಿಯಿದೆಯೇ ನೋಡುತ್ತಾರೆ, ಅದಕ್ಕೆ ಮೊದಲು ಟಿ.ವಿ., ಫ್ರಿಜ್ಜುಗಳ ಪ್ಲಗ್ಗು ಕಿತ್ತಿರಬೇಕು. ಆರ್.ಸಿ.ಸಿ.ಬಿ.ಗೂ ಒಂದು ಟೆಸ್ಟರ್ ಇದೆ. ಅದು 15 ಮಿಲಿಆಂಪಿಯರ್ ಸೋರಿಸಿದಾಗ ಹಿಡಿಕೆ ಬೀಳಬಾರದು, 30 ಸೋರಿಸಿದಾಗ ಸಾವಿರದ 300 ಪಾಲು ಸೆಕೆಂಡಿನೊಳಗೆ ಬೀಳಬೇಕು, 150 ಸೋರಿಸಿದಾಗ 40 ಪಾಲಿನೊಳಗೆ ಬೀಳಬೇಕು. ಬರೆದ ಅಂಕಿಗಳ ಚೀಟಿಯನ್ನು ಕೇಳಿ ಪಡೆದು ಪೆಟ್ಟಿಗೆಯ ಒಳಗೇ ಅಂಟಿಸಿ. “ಚೆಕ್ ಮಾಡಿದ್ದೀನಿ, ಸರಿಯಾಗಿದೆ” ಎಂಬ ಬಾಯಿಮಾತು ಬೇಡ.

ಫೇಸಿನಿಂದ ಅರ್ಥಿಗೆ ಬಲ್ಬು ಹಚ್ಚಿ “ನೋಡಿ, ಉರಿತಾ ಇದೆ” ಎಂದು ತೋರಿಸುವ ರೂಢಿ ಇದೆಯಲ್ಲ, ಅದು ಅಪಾಯದ ಆಟ. ಅರ್ಥ್ ತಂತಿ ಎಲ್ಲಾದರೂ ಕಡಿದಿದ್ದರೆ ಆ ಬಲ್ಬಿನ ಮೂಲಕ ಮನೆಯ ಎಲ್ಲ ಫ್ರಿಜ್ಜು, ಗ್ರೈಂಡರುಗಳ ಮೈಗೂ ಕರೆಂಟು ಹೋಗುತ್ತದೆ. ಅರ್ಥ್ ಇಲ್ಲದ ಕಡೆ ಪ್ಲಗ್ಗಿನ ಅರ್ಥ್ ತೂತನ್ನು ನ್ಯೂಟ್ರಲ್ಲಿಗೇ ಜೋಡಿಸುವ ಜಾಣರೂ ಇದ್ದಾರೆ. ಒಂದು ದಿನ ನ್ಯೂಟ್ರಲ್ ಕಿತ್ತರೆ ಪರಿಣಾಮ ಅದೇ.

ಪದೇ ಪದೇ ಬಿದ್ದರೆ

ಹಿಡಿಕೆ ಬೀಳುವುದನ್ನು ತೊಂದರೆ ಎಂದುಕೊಳ್ಳಬೇಡಿ. ಜ್ವರ ಬಂದಾಗ ಥರ್ಮಾಮೀಟರ್ ಎಸೆಯುತ್ತೀರಾ? ಎಲ್ಲ ಎಂ.ಸಿ.ಬಿ.ಗಳನ್ನೂ ಆರಿಸಿ, ಆರ್.ಸಿ.ಸಿ.ಬಿ. ಎತ್ತಿ, ಎಂ.ಸಿ.ಬಿ.ಗಳನ್ನು ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬಿತ್ತೋ ಆ ಸಾಲಿನಲ್ಲಿ ದೋಷವಿದೆ. ಆ ಸಾಲಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ನೋಡಿ. ಬಹಳ ಸಲ ಸಿಕ್ಕಿಬೀಳುವುದು ಗೀಸರು, ನೀರು ಕಾಯಿಸುವ ಕಾಯಿಲು, ಹಳೆಯ ಇಸ್ತ್ರಿಪೆಟ್ಟಿಗೆ, ಮಳೆನೀರು ಹೊಕ್ಕ ಹೊರಗಿನ ಸ್ವಿಚ್ಚು, ಇಲ್ಲವೇ ಇಲಿ ಕಡಿದ ತಂತಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಒಮ್ಮೆ ಬಿದ್ದರೆ ಹೆದರಬೇಕಾಗಿಲ್ಲ. ಎಲ್ಲ ಆರಿಸಿದ ಮೇಲೂ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬರಲೇಬೇಕು, ಎಲ್ಲೋ ನ್ಯೂಟ್ರಲ್ ತಂತಿ ಅರ್ಥಿಗೆ ತಾಗಿದೆ.

ನಮ್ಮ ಮನೆಯಲ್ಲಿ ಇದ್ದ ದೋಷ ಯು.ಪಿ.ಎಸ್.ನದು. ಅದರ ಸಾಲಿನ ನ್ಯೂಟ್ರಲ್ಲನ್ನು ಮನೆಯ ನ್ಯೂಟ್ರಲ್ ಜೊತೆ ಕಲೆಸಿದ್ದರು. ಹೋದದ್ದು ಒಂದು ದಾರಿ, ಬಂದದ್ದು ಇನ್ನೊಂದು ದಾರಿ, ಲೆಕ್ಕ ತಾಳೆಯಾಗುವುದು ಹೇಗೆ? ಬಿಡಿಸಿ ಸರಿಮಾಡಲು ಬೇರೊಬ್ಬ ಹಿರಿಯ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನ ಹಿಡಿಯಿತು, ಅಷ್ಟೆ. ಅಂದಹಾಗೆ, ಕರೆಂಟು ಹೋಗಿ ಬ್ಯಾಟರಿಯಿಂದ ನಡೆಯುವಾಗ ಯು.ಪಿ.ಎಸ್. ಸಾಲಿನ ಸೋರಿಕೆ ಮುಖ್ಯ ಆರ್.ಸಿ.ಸಿ.ಬಿ.ಯ ಕಣ್ಣಿಗೆ ಬೀಳದಿರಬಹುದು. ಆ ಸಾಲಿನ ಕಾವಲಿಗೆ ಏನು ಮಾಡಬೇಕೆಂದು ಪ್ರತ್ಯೇಕವಾಗಿ ಕೇಳಿ. ಬಚ್ಚಲುಮನೆಯ ಪ್ಲಗ್ಗನ್ನು ಅದಕ್ಕೆ ಕೊಡಿಸಬೇಡಿ.

ಇನ್ನೂ ಎರಡು ಮಿತಿಗಳನ್ನು ತಿಳಿದಿರಬೇಕು. ಒಣ ಮರದ ಸ್ಟೂಲಿನ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಈ ಸಾಧನಕ್ಕೆ ನೀವೂ ಒಂದು ಬಲ್ಬಿನಂತೆ ಕಾಣುತ್ತೀರಿ, ಅದು ಬೀಳುವುದಿಲ್ಲ. ಬೀದಿಯ ತಂತಿಗೂ ಅದಕ್ಕೂ ಸಂಬಂಧವಿಲ್ಲ. 2023ರ ನವೆಂಬರಿನಲ್ಲಿ ಹೊಸಕೋಟೆಯ ಪಕ್ಕದಲ್ಲೇ ಇರುವ ಕಾಡುಗೋಡಿ ಕಡೆ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಹಸುಗೂಸು ಸತ್ತದ್ದು ನಿಮಗೆ ನೆನಪಿರಬಹುದು. ಬಿದ್ದ ತಂತಿ ಕಂಡರೆ ಹತ್ತಿರ ಹೋಗಬೇಡಿ, ಬೇರೆಯವರನ್ನೂ ಬಿಡಬೇಡಿ, 1912ಕ್ಕೆ ಫೋನ್ ಮಾಡಿ.

ಮಗ್ಗ, ಕೊಟ್ಟಿಗೆ, ಬಟ್ಟೆ ತಂತಿ

ದೊಡ್ಡಬಳ್ಳಾಪುರದ ನೇಕಾರ ಮನೆಗಳಲ್ಲಿ ಮಗ್ಗವೂ ಸಂಸಾರವೂ ಒಂದೇ ಸೂರಿನಡಿ. ಹಾಲ್‌ನಲ್ಲಿ ಮೂರು-ನಾಲ್ಕು ವಿದ್ಯುತ್ ಮಗ್ಗ, ಪಕ್ಕದಲ್ಲೇ ಮಗುವಿನ ತೊಟ್ಟಿಲು. ಮಗ್ಗದ ಚೌಕಟ್ಟು ಪೂರಾ ಕಬ್ಬಿಣ. ಮೋಟಾರಿನ ತಂತಿ ಕೂಡುವ ಜಾಗದಲ್ಲಿ ನೂಲಿನ ಧೂಳು, ಎಣ್ಣೆ ಸೇರಿ ಮೆತ್ತಿಕೊಳ್ಳುತ್ತದೆ. ಅದುರುವ ಯಂತ್ರದಲ್ಲಿ ಅರ್ಥ್ ತಂತಿಯ ನಟ್ಟು ಸಡಿಲವಾಗುವುದೂ ಸಹಜ. ಮನೆಯ ಸಾಲು ಬೇರೆ, ಮಗ್ಗದ ಮೂರು ಫೇಸಿನ ಸಾಲು ಬೇರೆ ಇರುವುದರಿಂದ ಒಂದಕ್ಕೆ ಹಾಕಿದ ಕಾವಲು ಇನ್ನೊಂದಕ್ಕೆ ಆಗುವುದಿಲ್ಲ. ಮಗ್ಗದ ಸಾಲಿಗೆ ನಾಲ್ಕು ಕಂಬಿಯ ಆರ್.ಸಿ.ಸಿ.ಬಿ. ಬೇಕು. ಎಲ್ಲ ಮಗ್ಗಗಳನ್ನೂ ಒಂದಕ್ಕೇ ಕಟ್ಟಿದರೆ ಒಂದರ ದೋಷಕ್ಕೆ ನಾಲ್ಕೂ ನಿಂತು ಕೂಲಿ ಹೋಗುತ್ತದೆ. ಕೂಲಿ ಹೋದರೆ ಸಾಧನ ಕಿತ್ತೆಸೆಯುವ ಮನಸ್ಸಾಗುತ್ತದೆ. ಆಗುವಂತಿದ್ದರೆ ಮಗ್ಗಕ್ಕೊಂದರಂತೆ ಹಾಕಿಸುವುದು ಜಾಣತನ.

ಹೈನು ಇಟ್ಟುಕೊಂಡವರ ಕೊಟ್ಟಿಗೆ ಸದಾ ಒದ್ದೆ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಬಂದಿವೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಹರಿದ ಕರೆಂಟು ನೇರ ಅದರ ಎದೆಯನ್ನೇ ಹಾಯುತ್ತದೆ. ನಮಗೆ ತಿಳಿಯದಷ್ಟು ಸೋರಿಕೆಯೂ ಅದಕ್ಕೆ ತಿಳಿಯುತ್ತದೆ. ಎಂದಿನ ಗೊಂತಿನಲ್ಲಿ ನಿಲ್ಲಲು, ತೊಟ್ಟಿಯ ನೀರು ಕುಡಿಯಲು ಹಸು ದಿಢೀರನೆ ಹಿಂಜರಿದರೆ ದೃಷ್ಟಿ ತೆಗೆಯುವ ಮೊದಲು ಮೋಟಾರಿನ ತಂತಿ ನೋಡಿಸಿ.

ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯನ್ನು ಶೀಟಿನ ಮಾಡಿಗೋ ಕರೆಂಟಿನ ಪೈಪಿಗೋ ಕಟ್ಟುವುದನ್ನು ಇವತ್ತೇ ಬಿಡಿ. ಮಾಡಿನ ಮೇಲೆ ಹಾದ ತಂತಿಯ ಹೊದಿಕೆ ಸವೆದರೆ ಒದ್ದೆ ಬಟ್ಟೆಯ ಮೂಲಕ ಶಾಕ್ ಹೊಡೆಯುತ್ತದೆ. ಒಬ್ಬರು ಅಂಟಿಕೊಂಡಾಗ ಬಿಡಿಸಲು ಓಡಿಬಂದವರೂ ಅಂಟಿಕೊಳ್ಳುತ್ತಾರೆ. ಒಂದೇ ಮನೆಯಲ್ಲಿ ಎರಡು-ಮೂರು ಸಾವಾಗುವುದು ಹೀಗೆಯೇ. ನೈಲಾನ್ ಹಗ್ಗ ಕಟ್ಟಿ.

ಆದರೂ ಶಾಕ್ ಹೊಡೆದರೆ

ಮುಟ್ಟಬೇಡಿ. ಮೊದಲು ಮೈನ್ ಆರಿಸಿ. ಅದು ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ದೂರ ತಳ್ಳಿ. ಇದು ಮನೆಯ ಕರೆಂಟಿಗೆ ಮಾತ್ರ, ಹೈಟೆನ್ಷನ್ ತಂತಿಯ ಹತ್ತಿರ ಕೋಲು ಹಿಡಿದೂ ಹೋಗಬಾರದು.

ವ್ಯಕ್ತಿ ಕರೆದರೆ ಓಗೊಡದೆ, ಉಸಿರಾಡದೆ ಇದ್ದರೆ ಹೃದಯ ಅದುರುತ್ತಿರಬಹುದು. 108ಕ್ಕೆ ಫೋನ್ ಮಾಡಲು ಒಬ್ಬರಿಗೆ ಹೇಳಿ, ನೀವು ಎದೆ ಒತ್ತಲು ಶುರುಮಾಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಮೇಲೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ, ಕೈಸೋತರೆ ಇನ್ನೊಬ್ಬರು ಮುಂದುವರಿಸಲಿ. ಮಣ್ಣಿನಲ್ಲಿ ಹೂಳುವುದು, ಬಾಯಿಗೆ ನೀರು ಹಾಕುವುದು ಬೇಡ. ಆ ನಿಮಿಷಗಳು ತಿರುಗಿ ಬರುವುದಿಲ್ಲ.

ಎದ್ದು ಕೂತು “ಏನೂ ಆಗಿಲ್ಲ” ಎಂದರೂ ಕೆಲವರು ಆಸ್ಪತ್ರೆಗೆ ಹೋಗಲೇಬೇಕು: ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದವರು, ಎದೆ ಡವಗುಟ್ಟುವವರು, ಒಂದು ಕೈಯಿಂದ ಇನ್ನೊಂದು ಕೈಗೆ ಶಾಕ್ ಹಾದವರು, ಗರ್ಭಿಣಿಯರು, ಹೃದಯದ ಕಾಯಿಲೆಯವರು, ಚರ್ಮ ಸುಟ್ಟವರು. ಚರ್ಮದ ಮೇಲೆ ಕಾಳಿನಷ್ಟು ಸುಟ್ಟ ಗುರುತಿದ್ದರೂ ಒಳಗೆ ಸ್ನಾಯು ಬೆಂದಿರಬಹುದು. ಬೆಂದ ಸ್ನಾಯುವಿನ ಕಲ್ಮಶ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ತಡಮಾಡಬಾರದು. ಇ.ಸಿ.ಜಿ. ತೆಗೆಸಿದರೆ ಹೃದಯದ ತಾಳ ತಿಳಿಯುತ್ತದೆ.

ದೊಡ್ಡಬಳ್ಳಾಪುರದ ಆ ತಾಯಿ ಹದಿನೈದು ದಿನದ ಮೇಲೆ ಮತ್ತೆ ಬಂದಿದ್ದರು. ಗೀಸರಿಗೆ ಹೊಸ ಕಾಯಿಲ್ ಹಾಕಿಸಿ, ಅರ್ಥ್ ತಂತಿ ಎಳೆಸಿ, ಆರ್.ಸಿ.ಸಿ.ಬಿ.ಯನ್ನೂ ಕೂರಿಸಿದ್ದರು. “ಹುಡುಗ ದಿನಾ ಬಟನ್ ಒತ್ತಿ ಆಟ ಆಡ್ತಾನೆ ಡಾಕ್ಟ್ರೇ, ಬೈದೆ” ಎಂದು ನಕ್ಕರು. ನಲ್ಲಿ ಈಗ ಜುಮ್ಮೆನ್ನುವುದಿಲ್ಲವಂತೆ. ಕೈ ಜೋಮು ಮಾತ್ರ ಹೋಗಿರಲಿಲ್ಲ. ಪರೀಕ್ಷಿಸಿದಾಗ ವರ್ಷಗಟ್ಟಲೆ ನೂಲು ಸುತ್ತಿದ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡದ್ದು ಕಂಡಿತು. ರಾತ್ರಿ ಹೊತ್ತು ಕಟ್ಟಿಕೊಳ್ಳಲು ಪಟ್ಟಿ ಕೊಟ್ಟಿದ್ದೇನೆ. ಮಗ್ಗದ ಮನೆಯ ಹೆಂಗಸರಲ್ಲಿ ಕಾಣುವ ಈ ತೊಂದರೆಯ ಬಗ್ಗೆ ಇನ್ನೊಂದು ವಾರ ಬರೆಯುತ್ತೇನೆ.